ಉಳಿದಷ್ಟು ಕಿವಿ

ಪಂಚೇಂದ್ರಿಯಗಳಲ್ಲಿ ಕಿವಿಗೆ ನಮ್ಮ ಪೂರ್ವಿಕರು ಸಲ್ಲಿಸಿದ ಗೌರವ ಸಾಮಾನ್ಯವಾದುದಲ್ಲ. ಶಬ್ದವು ಆಕಾಶದ ಗುಣ, ಕಿವಿಯ ಗೂಡಿನಲ್ಲಿ ಅಡಕವಾದ ಆಕಾಶವೇ ಶ್ರೋತ್ರೇಂದ್ರಿಯ ಎಂದರು ತಾರ್ಕಿಕರು. ವೇದಕ್ಕೆ ಶ್ರುತಿಯೆಂದೇ ಹೆಸರಾಯಿತು, ವಿದ್ಯಾವಂತನು ಬಹುಶ್ರುತನೆನಿಸಿದನು. ಆದರೂ ಲೋಕವು ಕುರುಡನನ್ನು ಕಂಡು ಮರುಗುವುದು, ಕಿವುಡನನ್ನು ಕಂಡು ನಗುವುದು. ಆ ನಗೆಗೆ ಅಂಜಿ ಕಿವುಡನು ಗುಂಪಿನಿಂದ ಸರಿದು ಒಂಟಿಯಾಗುವನು. ಬೇಸರವನ್ನು ಕಳೆಯಲೆಂದು ಕೆಲವರು ಬೀಡಿಯನ್ನೋ ಬಟ್ಟಲನ್ನೋ ಆಶ್ರಯಿಸುವುದುಂಟು. “ಹೇಗೂ ಕೆಟ್ಟ ಕಿವಿ, ಇನ್ನೇನು ಕೆಟ್ಟೀತು?” ಎಂಬುದು ಅವರ ಸಮಾಧಾನ. ಈ ಸಮಾಧಾನವು ಎಷ್ಟರಮಟ್ಟಿಗೆ ನಿಜವೆಂಬುದು ವಿಚಾರಾರ್ಹವಾಗಿದೆ.

ಬಹುಮಂದಿಯ ಕಿವುಡು ಪೂರ್ಣ ನಿಶ್ಶಬ್ದವಲ್ಲ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ಒಂದು ನಾಳವಿದೆ. ಅದರೊಳಗೆ ಸುಮಾರು 15,000 ರೋಮಕೋಶಗಳಿರುವುವು. ಶಬ್ದತರಂಗವು ಇವುಗಳ ಸೂಕ್ಷ್ಮ ರೋಮಗಳನ್ನು ಬಾಗಿಸಿದಾಗ ನರದಲ್ಲಿ ಸ್ಪಂದನ ಹುಟ್ಟಿ ಮಿದುಳನ್ನು ಸೇರುವುದು. ಮನುಷ್ಯನಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಈ ನಾಳಕ್ಕೆ ರಕ್ತವು ಒಂದೇ ಒಂದು ಸಣ್ಣ ಧಮನಿಯ ಮೂಲಕ ಬರುವುದು. ಊರಿಗೆಲ್ಲ ಒಂದೇ ಕಾಲುವೆಯಿದ್ದಂತೆ. ಅದು ಬತ್ತಿದರೆ ಬೇರೆ ಕಡೆಯಿಂದ ನೀರಿಲ್ಲ. ಕಿವಿ ಮಂದವಾದವನ ಬಳಿ ಉಳಿದ ರೋಮಕೋಶಗಳೇ ಅವನ ಮೂಲಧನ. ಶ್ರವಣಯಂತ್ರವು ಶಬ್ದವನ್ನು ಹೆಚ್ಚಿಸಿ ಒಳಗೆ ಕಳುಹಬಲ್ಲುದು; ಸತ್ತುದನ್ನು ಬದುಕಿಸಲಾರದು.

ಹೊಗೆಸೊಪ್ಪಿನ ನಿಕೋಟಿನ್ ಇಂತಹ ಸಣ್ಣ ಧಮನಿಗಳನ್ನು ಸಂಕೋಚಗೊಳಿಸುವುದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅಪಹರಿಸುವುದು. ಹೀಗೆ ನೀರೂ ಕಡಿಮೆ, ನೀರಿನಲ್ಲಿ ಸಾರವೂ ಕಡಿಮೆ! ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಬೀವರ್ ಡ್ಯಾಮ್ ಎಂಬ ಊರಿನಲ್ಲಿ 48ರಿಂದ 92 ವರ್ಷದ 3,753 ಮಂದಿಯನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ವರದಿಯಂತೆ, ಧೂಮಪಾನಿಗಳಲ್ಲಿ ಕಿವಿಮಂದವಾಗುವ ಸಂಭವ ಇತರರಿಗಿಂತ 1.69 ಪಟ್ಟು ಇದ್ದಿತು. ತಾವು ಸೇದದಿದ್ದರೂ ಸೇದುವವರೊಡನೆ ವಾಸಿಸುವವರಲ್ಲಿಯೂ ಈ ಸಂಭವ ಹೆಚ್ಚಾಗಿ ಕಂಡುಬಂದಿತು. ಎಳೆಯ ಮಕ್ಕಳು ಮನೆಯ ಹಿರಿಯರ ಹೊಗೆಯನ್ನು ಉಸಿರಾಡಿದರೆ ನಡುಗಿವಿಯ ಬಾವಿಗೆ ಗುರಿಯಾಗುವರು. ಅಜ್ಜನ ಕೆಟ್ಟ ಕಿವಿಯ ಪಕ್ಕದಲ್ಲಿ ಮೊಮ್ಮಗುವಿನ ಒಳ್ಳೆಯ ಕಿವಿಯೂ ಇದೆಯೆಂಬುದನ್ನು ಮರೆಯಬಾರದು.

ಮದ್ಯದ ಕೆಲಸ ಬೇರೆ ಬಗೆಯದು. 2007ರಲ್ಲಿ ಲಂಡನ್ನಿನ ವೈದ್ಯರು ಪ್ರಕಟಿಸಿದ ಪರೀಕ್ಷೆಯಲ್ಲಿ, ಕುಡಿದ ಮೇಲೆ ಕೇಳುವ ಶಕ್ತಿ ಕೆಲಕಾಲ ಕುಗ್ಗಿತು. ಮಾತನ್ನು ತಿಳಿಯಲು ಅತ್ಯಗತ್ಯವಾದ 1,000 ಹರ್ಟ್ಸಿನ ನಾದಕ್ಕೆ ವಿಶೇಷವಾಗಿ ಕುಂದು ಬಂದಿತು. ಸರಿಯಾದ ಕಿವಿಯುಳ್ಳವನಿಗೆ ಇದು ಸಣ್ಣ ನಷ್ಟ, ಕಿವುಡನಿಗೆ ಹಾಗಲ್ಲ. ಅವನು ಕಿವಿಯಿಂದ ಅರ್ಧ, ಕಣ್ಣಿನಿಂದ ಅರ್ಧ ಕೇಳುವವನು. ತುಟಿಯ ಚಲನೆಯನ್ನು ಓದುವುದಕ್ಕೆ ಏಕಾಗ್ರತೆ ಬೇಕು. ಸನ್ನೆಯ ಭಾಷೆಗೆ ಕೈಬೆರಳುಗಳ ಹಿಡಿತ ಬೇಕು. ಮದ್ಯವು ಇವೆರಡನ್ನೂ ಸಡಿಲಿಸುವುದು. ದೇಹವನ್ನು ತೂಕದಲ್ಲಿಡುವ ಇಂದ್ರಿಯವೂ ಒಳಗಿವಿಯಲ್ಲಿಯೇ ಇರುವುದರಿಂದ, ಅದು ಮೊದಲೇ ದುರ್ಬಲವಾಗಿದ್ದವನು ಕುಡಿದು ಕತ್ತಲೆಯಲ್ಲಿ ನಡೆದರೆ ಬೀಳುವ ಅಪಾಯ ಇನ್ನೂ ಹೆಚ್ಚು.

ಸಂಗೀತಗಾರ ಬೆಥೋವನ್ನನ ಕಥೆ ಇಲ್ಲಿ ಸ್ಮರಣೀಯ. 1770ರಲ್ಲಿ ಬಾನ್ ನಗರದಲ್ಲಿ ಹುಟ್ಟಿದ ಆತನಿಗೆ ಮೂವತ್ತು ತುಂಬುವ ಮೊದಲೇ ಕಿವಿ ಕೆಡತೊಡಗಿತು. ತನ್ನ ಕಿವುಡನ್ನು ಜನರೆದುರು ಹೇಳಿಕೊಳ್ಳಲಾರದ ಅವಮಾನವನ್ನು ಆತ 1802ರಲ್ಲಿ ಸೋದರರಿಗೆ ಬರೆದಿಟ್ಟನು. 1818ರಿಂದ ಅನ್ಯರು ತಮ್ಮ ಮಾತನ್ನು ಪುಸ್ತಕದಲ್ಲಿ ಬರೆದು ತೋರಿಸಬೇಕಾಯಿತು. 1827ರಲ್ಲಿ ಆತ ತೀರಿದಾಗ ಶವಪರೀಕ್ಷೆಯಲ್ಲಿ ಯಕೃತ್ತು ಕುಗ್ಗಿ ಗಂಟುಗಟ್ಟಿತ್ತು, ಶ್ರವಣನರಗಳು ಸೊರಗಿದ್ದವು. ಮದ್ಯದಿಂದಲೇ ಆತ ಕಿವುಡನಾದನೆಂದರೆ ಅನ್ಯಾಯವಾದೀತು. ಆತನ ಕೂದಲನ್ನು ಪರಿಶೋಧಿಸಿ 2023ರಲ್ಲಿ ವಿದ್ವಾಂಸರು ಯಕೃತ್ತಿನ ರೋಗಕ್ಕೆ ಅನುವಂಶಿಕ ಒಲವನ್ನೂ ಹೆಪಟೈಟಿಸ್-ಬಿ ಸೋಂಕನ್ನೂ ಕಂಡರು. ಕಿವುಡಿನ ಕಾರಣ ಸಿಕ್ಕಲಿಲ್ಲ. 2024ರಲ್ಲಿ ಅದೇ ಕೂದಲಿನಲ್ಲಿ ಸೀಸವು ಅತ್ಯಧಿಕವಾಗಿ ದೊರೆಯಿತು. ಆ ಕಾಲದ ಅಗ್ಗದ ದ್ರಾಕ್ಷಾಮದ್ಯಕ್ಕೆ ಸಿಹಿಗಾಗಿ ಸೀಸವನ್ನು ಬೆರೆಸುತ್ತಿದ್ದರು! ಒಂಟಿತನಕ್ಕೆ ಜೊತೆಯೆಂದು ನಂಬಿದ ಬಟ್ಟಲು ರೋಗಿಯ ದೇಹಕ್ಕೆ ಎಂದೂ ಮಿತ್ರನಲ್ಲ.

ನಿರಾಶೆಗೆ ಕಾರಣವಿಲ್ಲ. ಜಪಾನಿನಲ್ಲಿ 50,000ಕ್ಕೂ ಹೆಚ್ಚು ಕೆಲಸಗಾರರನ್ನು ವರ್ಷಗಳವರೆಗೆ ಗಮನಿಸಿ 2018ರಲ್ಲಿ ಹೊರಬಂದ ವರದಿಯಂತೆ, ಧೂಮಪಾನವನ್ನು ಬಿಟ್ಟವರಲ್ಲಿ ಈ ಹೆಚ್ಚಿನ ಅಪಾಯವು ಕೆಲವೇ ವರ್ಷಗಳಲ್ಲಿ ಇಳಿದುಹೋಯಿತು. ಹೋದ ಕಿವಿ ಬಾರದಿದ್ದರೂ ಉಳಿದ ಕಿವಿ ಉಳಿದೀತು. ಆದರೆ ಬಿಡೆಂದು ಉಪದೇಶಿಸುವ ಮನೆಯವರಿಗೂ ಒಂದು ಕರ್ತವ್ಯವುಂಟು. ಕಿವುಡರಾದ ಹಿರಿಯರ ಹಿಂದೆ ನಿಂತು ಕೂಗದೆ, ಎದುರಿಗೆ ಬೆಳಕಿನಲ್ಲಿ ಕುಳಿತು, ನಿಧಾನವಾಗಿ, ಬೇಸರಿಸದೆ ಮಾತನಾಡಬೇಕು. “ಏನೂ ಇಲ್ಲ ಬಿಡಿ” ಎಂದು ಮಾತನ್ನು ನುಂಗಿಕೊಳ್ಳಬಾರದು. ಮನೆಯ ಮಾತಿನಲ್ಲಿ ಪಾಲು ದೊರೆತವನು ಜಗಲಿಯ ಮೂಲೆಯಲ್ಲಿ ಹೊಗೆಯೊಡನೆ ಕುಳಿತಿರಬೇಕಾದ ಅಗತ್ಯವು ಬಹುಮಟ್ಟಿಗೆ ತಪ್ಪುವುದು.