ಸಂದಿನ ಸದ್ದು

ನಮ್ಮ ತಂದೆ ಬಿಟ್ಟುಹೋದ ಆಸ್ತಿ ಎರಡೇ: ಒಂದು ಪುಸ್ತಕದ ಬೀರು, ಇನ್ನೊಂದು ಹಳೆಯ ಕಾರು. ಪುಸ್ತಕಗಳು ಸದ್ದು ಮಾಡುವುದಿಲ್ಲ, ಕಾರು ಮಾಡುತ್ತದೆ. ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗ ಚಾಲೂ ಮಾಡಿದರೆ, ಬಾನೆಟ್ಟಿನೊಳಗೆ ಯಾರೋ ಕುಳಿತು ಅಡಕತ್ತರಿ ಆಡಿಸುತ್ತಿರುವಂತೆ 'ಟಿಕ್ ಟಿಕ್' ಎನ್ನುತ್ತಿತ್ತು. ಎರಡು ಮೂರು ಕಿಲೋಮೀಟರು ಹೋಗುವಷ್ಟರಲ್ಲಿ ಲೋಹ ಕಾದು ಹಿಗ್ಗಿ ಸಂದು ಕಿರಿದಾಗುವುದು, ಸದ್ದು ಅಡಗುವುದು. ಅಡಗಿದ ಸದ್ದನ್ನು ವಾಸಿಯಾದ ರೋಗವೆಂದು ತಿಳಿಯುವುದು ಮನುಷ್ಯಸ್ವಭಾವ. ನಾನು ಅದಕ್ಕೆ ಹೊರತಲ್ಲ.

ಎಂಜಿನ್ನಿನ ಹೆಡ್ಡಿಗೂ, ಸುಟ್ಟ ಅನಿಲವನ್ನು ಹೊರಗೊಯ್ಯುವ ಮ್ಯಾನಿಫೋಲ್ಡಿಗೂ ನಡುವೆ ತೆಳುವಾದ ಒಂದು ಗ್ಯಾಸ್ಕೆಟ್ಟು ಇರುತ್ತದೆ. 600 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿ ಕಾಯಬಲ್ಲ ಅನಿಲ ಅದರ ಮಗ್ಗುಲಲ್ಲೇ ಹಾಯುತ್ತದೆ. ಅದು ಸುಟ್ಟಿತೆಂದು ಒಂದೇ ವರ್ಷದಲ್ಲಿ ಮೂರು ಸಲ ಬದಲಾಯಿಸಿದ್ದಾಯಿತು. ಮೂರು ಸಲವೂ ಎರಡೇ ತಿಂಗಳಿಗೆ ಅಡಕತ್ತರಿ ಹಿಂದಿರುಗಿತು. ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದರಿಂದ ಇದು ಆದೇಶಸಂಧಿಯೇ ಸರಿ ಎಂದು, ವ್ಯಾಕರಣದ ಮೇಷ್ಟರಾದ ನಾನು, ತರಗತಿಯಲ್ಲಿ ಹೇಳಿ ನಗಿಸಿದ್ದೂ ಉಂಟು.

ಆ ನಗು ನಿಂತದ್ದು ಅಮ್ಮನ ತಲೆನೋವಿನಿಂದ. ಹುಣ್ಣಿಮೆಗೊಮ್ಮೆ ಅವಳನ್ನು ಮೈಸೂರಿನಿಂದ ನಂಜನಗೂಡಿಗೆ ಕರೆದೊಯ್ಯುವುದು ನಮ್ಮ ಮನೆಯ ಪದ್ಧತಿ. ಧೂಳಾದೀತೆಂದು ಕಿಟಕಿಗಳನ್ನೆಲ್ಲ ಏರಿಸುತ್ತಿದ್ದೆ. ಮನೆಗೆ ಹಿಂದಿರುಗುವ ಹೊತ್ತಿಗೆ ಅವಳಿಗೆ ತಲೆನೋವು, ಓಕರಿಕೆ. "ಉಪವಾಸದ ಪಿತ್ತ ಕಣೋ" ಎಂದು ಅವಳು. "ಬಿಸಿಲು" ಎಂದು ನಾನು. ನಾಲ್ಕನೆಯ ಗ್ಯಾಸ್ಕೆಟ್ಟು ಹಾಕಿಸಲು ಹೋದ ದಿನ ಈ ಮಾತು ಹೇಗೋ ಬಾಯಿಗೆ ಬಂತು. ಮೆಕ್ಯಾನಿಕ್ಕು ಸ್ಪ್ಯಾನರನ್ನು ಕೆಳಗಿಟ್ಟರು.

"ಕಿಟಕಿ ಮುಚ್ಚಿ ಕೂರಿಸ್ತಿದ್ರಾ ಮೇಷ್ಟ್ರೇ? ಗ್ಯಾಸು ಒಳಕ್ಕೆ ಬರ್ತಿದೆ. ಕಾದ ಮೇಲೂ ಸಂದು ಪೂರ್ತಿ ಮುಚ್ತಿಲ್ಲ. ರಸ್ತೆ ಗಲಾಟೇಲಿ ನಿಮಗೆ ಕೇಳಿಸ್ತಿಲ್ಲ ಅಷ್ಟೆ."

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಹಿಡಿದುಕೊಳ್ಳುತ್ತದೆ. ಎಲ್ಲೋ ಓದಿದ್ದ ಈ ಸಂಗತಿ ಆಗ ನೆನಪಿಗೆ ಬಂದು ನನ್ನ ಕೈ ತಣ್ಣಗಾಯಿತು.

ಅವರು ಮ್ಯಾನಿಫೋಲ್ಡನ್ನು ಬಿಚ್ಚಿ, ಅದರ ಮುಖದ ಮೇಲೆ ಉಕ್ಕಿನ ಪಟ್ಟಿಯೊಂದನ್ನು ನಿಲ್ಲಿಸಿ ಬೆಳಕಿಗೆ ಹಿಡಿದರು. ನಡುವೆ ಬೆಳಕಿನ ಗೆರೆ ಕಂಡಿತು: ಕಾದು, ಆರಿ, ಮತ್ತೆ ಕಾದು, ಕಬ್ಬಿಣ ಬಾಗಿತ್ತು. ಕೆಳಗೆ ಹೊಗೆ ಕೊಳವೆಯ ಬ್ರಾಕೆಟ್ಟು ಮುರಿದು, ಭಾರವೆಲ್ಲ ಆ ಸಂದಿಗೇ ಜೋತುಬಿದ್ದಿತ್ತು.

"ಮುಖವೇ ನೆಟ್ಟಗಿಲ್ಲ. ನಡುವೆ ಇರೋ ಗ್ಯಾಸ್ಕೆಟ್ಟು ಏನು ಮಾಡೀತು ಸ್ವಾಮಿ?"

ಮುಖವನ್ನು ತಿಕ್ಕಿಸಿ ಸಮಮಾಡಿಸಿದರು. ಬ್ರಾಕೆಟ್ಟಿಗೆ ಬೆಸುಗೆ ಹಾಕಿದರು. ಹೊಸ ನಟ್ಟುಗಳನ್ನು ನಡುವಿನಿಂದ ಆರಂಭಿಸಿ ಎರಡೂ ತುದಿಗಳತ್ತ ಸ್ವಲ್ಪ ಸ್ವಲ್ಪವಾಗಿ ಬಿಗಿದರು. ಎಂಜಿನ್ನನ್ನು ಒಮ್ಮೆ ಕಾಯಿಸಿ, ಆರಲು ಬಿಟ್ಟು, ಮತ್ತೊಮ್ಮೆ ಬಿಗಿದರು.

ಇದಾಗಿ ಹತ್ತು ತಿಂಗಳು. ಅಡಕತ್ತರಿಯ ಸುಳಿವಿಲ್ಲ, ಅಮ್ಮನ ತಲೆನೋವೂ ಇಲ್ಲ. ಕಾರಿನ ದೂರಿಗೆ ಮೂರು ಸಲ ಹಣ ತೆತ್ತವನು ಅಮ್ಮನ ದೂರನ್ನು ಪಿತ್ತವೆಂದು ತಳ್ಳಿಹಾಕಿದೆನಲ್ಲ ಎಂಬುದು ಮಾತ್ರ ಇನ್ನೂ ಕುಟುಕುತ್ತದೆ. ಈಗ ಕಿಟಕಿ ಇಳಿಸಿಯೇ ಹೊರಡುತ್ತೇವೆ. ದಾರಿಯಲ್ಲಿ ಎರಡು ಸಲವಾದರೂ "ತಲೆನೋವೇನಮ್ಮಾ?" ಎಂದು ಕೇಳುತ್ತೇನೆ.

"ನಿನ್ನ ಕಾಟಕ್ಕೇ ಬಂದೀತು, ರಸ್ತೆ ನೋಡೋ" ಎಂದು ಗದರುತ್ತಾಳೆ.

ಆ ಗದರಿಕೆ ಕೇಳಿದರೆ ಮನಸ್ಸಿಗೆ ಸಮಾಧಾನ.