ಕತ್ತರಿಗೆ ಮೊದಲು ಕಣ್ಣು

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬರುವ ಪ್ರವಾಸಿಗನನ್ನು ಗಡಿ ದಾಟಿದೊಡನೆ ಎದುರುಗೊಳ್ಳುವ ಪಟ್ಟಣ ನಿಪ್ಪಾಣಿ. ಅಲ್ಲಿಂದ ಚಿಕ್ಕೋಡಿ, ರಾಯಬಾಗಗಳನ್ನು ಹಾಯ್ದು, ಕುಡಚಿಯ ಬಳಿ ಕೃಷ್ಣೆಯನ್ನು ದಾಟಿ, ಕಾಗವಾಡ, ಅಥಣಿಗಳವರೆಗೆ ಸಾಗಿದರೆ, ಮನೆಯ ಕುಂಡದಲ್ಲಿ ಎಳೆಯ ಜುನಿಪರನ್ನು ಕುಬ್ಜವೃಕ್ಷವಾಗಿ ತಿದ್ದಬಯಸುವ ನಗರವಾಸಿಗೆ ದೊರೆಯುವ ಪಾಠ ಸಾಮಾನ್ಯವಾದುದಲ್ಲ.

ನಿಪ್ಪಾಣಿಯ ಸೀಮೆ ಬೀಡಿ ತಂಬಾಕಿಗೆ ಹೆಸರಾದುದು. ಹೂಮೊಗ್ಗು ತಲೆದೋರುತ್ತಲೇ ರೈತರು ಗಿಡದ ಕುಡಿಯನ್ನು ಚಿವುಟುತ್ತಾರೆ. ತುದಿಯ ಅಂಕೆ ತಪ್ಪಿದೊಡನೆ ಎಲೆಗಳ ಬುಡದಿಂದ ಮರಿಚಿಗುರುಗಳು ಹೊರಡುತ್ತವೆ. ಅವನ್ನೂ ಬಿಡದೆ ತೆಗೆದರೆ ಮಾತ್ರ ಸತ್ವವು ಎಲೆಗೆ ಇಳಿಯುತ್ತದೆ.

ಅಥಣಿಯ ದ್ರಾಕ್ಷಿತೋಟಗಳಲ್ಲಿ ವರ್ಷಕ್ಕೆ ಎರಡು ಬಾರಿ ಬಳ್ಳಿಯನ್ನು ಸವರುತ್ತಾರೆ. ಇಲ್ಲಿಯವರ ಮಾತಿನಲ್ಲಿ ಅದು ‘ಚಾಟ್ನಿ’. ಏಪ್ರಿಲ್ ಚಾಟ್ನಿ ಹೊಸ ಕಡ್ಡಿಗಳಿಗಾಗಿ, ಅಕ್ಟೋಬರಿನದು ಫಲಕ್ಕಾಗಿ. ಎರಡನೆಯದರ ಬಳಿಕ ಅಕಾಲದ ಮಳೆ ಸುರಿದು ಬೂಜುರೋಗ ತಗುಲಿತೆಂದರೆ, ಹೂಗೊಂಚಲುಗಳೊಡನೆ ಮನೆಮಂದಿಯ ವರ್ಷದ ದುಡಿಮೆಯೂ ಹೋದಂತೆಯೇ. ಆದುದರಿಂದ ರೈತ ಕತ್ತರಿ ಎತ್ತುವ ಮೊದಲು ಕಡ್ಡಿಯ ಕಣ್ಣನ್ನೂ ಮುಗಿಲನ್ನೂ ನೋಡುತ್ತಾನೆ.

ಜುನಿಪರಿನ ಸ್ವಭಾವ ಬೇರೆ. ದ್ರಾಕ್ಷಿಯ ಬೋಳು ಕಡ್ಡಿ ಮತ್ತೆ ಚಿಗುರುತ್ತದೆ. ಹಸುರನ್ನೆಲ್ಲ ಕಳೆದುಕೊಂಡ ಜುನಿಪರಿನ ರೆಂಬೆ ಸಾಮಾನ್ಯವಾಗಿ ಒಣಗಿಯೇ ಹೋಗುತ್ತದೆ. ಆದಕಾರಣ ಪ್ರತಿ ರೆಂಬೆಯಲ್ಲೂ ಹಸುರನ್ನು ಉಳಿಸಿ, ಒತ್ತಾಗಿ ಬೆಳೆದುದನ್ನಷ್ಟೇ ತೆಗೆಯಬೇಕು. ಬಾಗಿಸಲು ಸುತ್ತಿದ ತಂತಿಯನ್ನು, ಅದು ತೊಗಟೆಯನ್ನು ಕಚ್ಚುವ ಮುನ್ನ ಬಿಡಿಸಬೇಕು. ಕುಂಡವನ್ನು ಕೋಣೆಯೊಳಗಿಡದೆ ಬಿಸಿಲು ಕಾಣುವಂತೆ ಹೊರಗಿಡಬೇಕು.

ಕುಂಡದಲ್ಲಿ ಕೈ ತಪ್ಪಿದರೆ ಹೋಗುವುದು ಒಂದು ರೆಂಬೆ. ಕೃಷ್ಣೆಯ ಈ ಸೀಮೆಯಲ್ಲಿ ತಪ್ಪಿದರೆ ಒಂದು ವರ್ಷದ ಅನ್ನ. ಹವ್ಯಾಸಿಗಳಾದ ವಾಚಕರು ಕತ್ತರಿ ಹಿಡಿಯುವ ಮೊದಲು ಒಮ್ಮೆ ಈ ಹೊಲತೋಟಗಳನ್ನು ಕಂಡುಬರಲಿ.