ಶಕ್ತಿಮಾನ್ ಮತ್ತೆ ಬರ್ತಾನಾ?

ವೈಟ್‌ಫೀಲ್ಡ್‌ನ ನಮ್ಮ ಆಫೀಸಲ್ಲಿ ಊಟದ ಹೊತ್ತಿಗೆ ಇದೇ ಜಗಳ. 2024ರ ನವೆಂಬರ್‌ನಲ್ಲಿ ಮುಖೇಶ್ ಖನ್ನಾ 66ರ ವಯಸ್ಸಲ್ಲಿ ಅದೇ ದಿರಿಸು ತೊಟ್ಟು ಬಂದಾಗ ಎಲ್ರೂ ನಕ್ಕಿದ್ದೇ ನಕ್ಕಿದ್ದು. ಬರೋದಾದ್ರೆ 1998ರ ಕ್ಯಾಪ್ಟನ್ ವ್ಯೋಮ್ ಬರಲಿ, ಮಿಲಿಂದ್ ಸೋಮನ್ 49ಕ್ಕೆ ಐರನ್‌ಮ್ಯಾನ್ ಸ್ಪರ್ಧೆ ಮುಗಿಸಿದವರು ಅಂತ ಒಬ್ಬರ ವಾದ.

ನಂಗೆ ಮಾತ್ರ ಖನ್ನಾನೇ ಬೇಕು. ಪೀಣ್ಯದ ಫ್ಯಾಕ್ಟರೀಲಿದ್ದ ಅಪ್ಪನಿಗೆ ಭಾನುವಾರ ಒಂದೇ ರಜೆ. ಮಧ್ಯಾಹ್ನ ದೂರದರ್ಶನದಲ್ಲಿ ಶಕ್ತಿಮಾನ್. ನಂಗೆ ಹಿಂದಿ ಬರ್ತಿರ್ಲಿಲ್ಲ, ಅಪ್ಪನೇ ಡಾ. ಜೈಕಾಲ್‌ನ ಮಾತೆಲ್ಲ ಕನ್ನಡ ಮಾಡಿ ಹೇಳೋರು. 2020ರ ಲಾಕ್‌ಡೌನಲ್ಲಿ ಮರುಪ್ರಸಾರ ನೋಡಿದಾಗ್ಲೇ ಗೊತ್ತಾಗಿದ್ದು, ಅರ್ಧ ಕಥೆ ಅಪ್ಪನದೇ ಅಂತ!

ಖನ್ನಾ ಥರ ಅಪ್ಪನೂ 1958ರಲ್ಲೇ ಹುಟ್ಟಿದವರು. ಈಗ ಮೆಟ್ಟಿಲು ಹತ್ತೋಕೂ ಕೈ ಹಿಡೀಬೇಕು. ಶಕ್ತಿಮಾನ್ ಗಿರಗಿರ ತಿರುಗದಿದ್ರೂ ಪರವಾಗಿಲ್ಲ, ಕೂತ್ಕೊಂಡೇ ಮಾತಾಡಲಿ. ನಂಗೀಗ ಹಿಂದಿ ಬರುತ್ತೆ ಅಂತ ಅಪ್ಪನಿಗೆ ಹೇಳಲ್ಲ...